ಅವ್ವನ ಮೆಟಡಾರಿಗೆ ಖಾನೆ ಕಟ್ಟಿದ್ದು

ಅವ್ವನ ಮೂತ್ರಪಿಂಡಗಳು ಕೆಟ್ಟ ಕಾಲಕ್ಕೆ ಬಳ್ಳಾರಿಯಲ್ಲಿ ಗಣಿಯ ಭರಾಟೆ ಜೋರಾಗಿತ್ತು. ಅಪ್ಪ ಹೊಸಪೇಟೆ ರಸ್ತೆಯ ಶೆಡ್ಡೊಂದರಲ್ಲಿ ಲಾರಿಗಳಿಗೆ ಬಾಡಿ ಕಟ್ಟುವ ಬಡಗಿ. ಕುರುಗೋಡಿನ ನಮ್ಮ ಮನೆಯಿಂದ ಬೆಳಗಿನ ಬಸ್ಸಿಗೆ ಹೋದವನ ಹುಬ್ಬು ಮೀಸೆಗಳೆಲ್ಲ ಸಂಜೆ ಮರಳುವಾಗ ಅದಿರಿನ ಧೂಳಿಗೆ ಕೆಂಪಾಗಿರುತ್ತಿದ್ದವು. ನಾನು ಊರಿನ ಶಾಲೆಯಲ್ಲಿ ಹೊಸದಾಗಿ ಟೀಚರ್ ಆಗಿದ್ದೆ. ಮನೆಯಲ್ಲಿ ನಾವು ಮೂವರೇ.

ಡಾಕ್ಟರು ಅವ್ವನ ಹೊಟ್ಟೆಗೆ ಮೆತ್ತನೆಯ ನಳಿಕೆಯೊಂದನ್ನು ಜೋಡಿಸಿದರು. ಅದರ ಮೂಲಕ ಒಂದು ಚೀಲ ದ್ರವವನ್ನು ಒಳಗೆ ಬಿಡಬೇಕು. ಕೆಲವು ತಾಸು ಅಲ್ಲೇ ಇದ್ದು ಅದು ರಕ್ತದ ಕಲ್ಮಶ ಹೀರಿಕೊಂಡ ಮೇಲೆ ಹೊರಗೆ ಹರಿಸಿ, ಮತ್ತೊಂದು ಚೀಲ ಹಾಕಬೇಕು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಮಲಗುವ ಮುಂಚೆ, ಹೀಗೆ ದಿನವೂ. ನಾನೇ ಅದನ್ನು ಕಲಿತುಕೊಂಡೆ. ಡಯಾಲಿಸಿಸ್ಸಿಗೆಂದು ಆಸ್ಪತ್ರೆಗೆ ಅಲೆಯುವುದು ತಪ್ಪಿತು, ನಿಜ. ಆದರೆ ಚೀಲಗಳು ತುಂಬಿದ ರಟ್ಟಿನ ಡಬ್ಬಗಳು ಪಡಸಾಲೆಯ ಗೋಡೆಯುದ್ದಕ್ಕೂ ಏರಿದವು. ಅವುಗಳನ್ನು ಬಿಟ್ಟು ಅವ್ವ ಒಂದು ದಿನವೂ ಹೊರಗಿರುವಂತಿರಲಿಲ್ಲ. ಚೀಲ ಬದಲಿಸುವಾಗ ಧೂಳು ತಾಗಿದರೆ ಸೋಂಕು ಹೊಟ್ಟೆಗೇ ಇಳಿಯುತ್ತದೆಂದು ಡಾಕ್ಟರು ಎಚ್ಚರಿಸಿದ್ದರು.

ಅವ್ವನ ತವರು ಸಿರುಗುಪ್ಪ ಕಡೆಯ ದೇಶನೂರು. ತುಂಗಭದ್ರೆಯ ನೀರು ಹರಿಯುವ ಗದ್ದೆಗಳಲ್ಲಿ ಭತ್ತದ ಸಸಿ ನೆಡುತ್ತ ಬೆಳೆದವಳು. ತುಂಗಾ, ಭದ್ರಾ ಎರಡು ಬೇರೆ ಬೇರೆ ಹೊಳೆಗಳು, ಕೂಡಲಿಯಲ್ಲಿ ಒಂದಾಗುತ್ತವೆ ಎಂದು ಶಾಲೆಯಲ್ಲಿ ಕಲಿತದ್ದು ಅವಳ ತಲೆಯಲ್ಲಿ ಹಾಗೇ ಉಳಿದಿತ್ತು. ಒಂದು ಸಂಜೆ ಕಿಟಕಿಯ ಸರಳಿಗೆ ತೂಗಿದ್ದ ಚೀಲವನ್ನೇ ನೋಡುತ್ತ, "ಇನ್ನ ಕೂಡ್ಲಿ ನೋಡೋದು ಆಗಂಗಿಲ್ಲ ಬಿಡು" ಅಂದಳು. ಅಪ್ಪ ಕೇಳಿಯೂ ಕೇಳದವನಂತೆ ಎದ್ದು ಹೋದ.

ಕೆಲವು ದಿನಗಳ ನಂತರ ಅವನು ಹಳೆಯ ಮೆಟಡಾರ್ ಒಂದನ್ನು ಓಡಿಸಿಕೊಂಡು ಬಂದು ಮನೆಯ ಮುಂದೆ ನಿಲ್ಲಿಸಿದ. ಗಣಿ ಆಫೀಸಿನ ಮಂದಿಯನ್ನು ಒಯ್ಯುತ್ತಿದ್ದ ಗಾಡಿ ಅದು. ಮಾಲೀಕ ಹೊಸದು ಕೊಂಡು ಇದನ್ನು ಶೆಡ್ಡಿನ ಹಿಂದೆ ಬಿಟ್ಟಿದ್ದನಂತೆ, ಅಪ್ಪ ಅಗ್ಗಕ್ಕೆ ಕೊಂಡಿದ್ದ.

"ಮನೀನ ಗಾಡಿಯೊಳಗ ಇಟ್ಕೊಂಡು ಹೋದ್ರಾತು" ಅಂದ.

ಭಾನುವಾರಗಳೆಲ್ಲ ಅದಕ್ಕೇ ಮೀಸಲಾದವು. ಹಿಂದಿನ ಸೀಟುಗಳನ್ನು ಕಿತ್ತು, ಅವ್ವ ಮಲಗಲು ಹಲಗೆಯ ಮಂಚ ಕಟ್ಟಿ, ಅದರ ಕೆಳಗೆ ಮುಚ್ಚಳವಿರುವ ಪೆಟ್ಟಿಗೆ ಮಾಡಿದ. ಶೆಡ್ಡಿನ ವೆಲ್ಡರ್ ಚಾಚಾ ಕುರುಗೋಡಿಗೇ ಬಂದು ಚೀಲ ತೂಗುಹಾಕಲು ಮೇಲ್ಛಾವಣಿಗೆ ಕೊಕ್ಕೆ ಕೂರಿಸಿದರು. ಕಿಟಕಿ ಬಾಗಿಲುಗಳ ಅಂಚಿಗೆಲ್ಲ ರಬ್ಬರಿನ ಪಟ್ಟಿ ಒತ್ತಿದರು. "ಗಣಿ ಸಾಹುಕಾರ್ರ ಕಾರಿಗೂ ಇಷ್ಟು ಬಂದೋಬಸ್ತ್ ಇರಂಗಿಲ್ಲ ಅಕ್ಕಾರ" ಅಂತ ಅವ್ವನಿಗೆ ಹೇಳಿದರು.

ಗಾಡಿಯ ಪರೀಕ್ಷೆಗೆಂದು ಮೊದಲು ದೇಶನೂರಿಗೆ ಹೊರಟೆವು. ಸಿರುಗುಪ್ಪ ಇನ್ನೂ ದೂರವಿರುವಾಗಲೇ ಗಾಡಿ ತಗ್ಗಿಗೆ ಬಿದ್ದು ಡಬ್ಬಗಳು ಒಂದರ ಮೇಲೊಂದು ಜಾರಿದವು. ಒಂದು ಚೀಲ ಒಡೆದು ನೆಲವೆಲ್ಲ ಒದ್ದೆಯಾಯಿತು. ಊರು ಮುಟ್ಟಿದ ಮೇಲೆ ಇನ್ನೊಂದು ತೊಂದರೆ ಗೊತ್ತಾಯಿತು. ಪೆಟ್ಟಿಗೆಯ ಮುಚ್ಚಳ ಎತ್ತಬೇಕಾದರೆ ಮೇಲೆ ಮಲಗಿದ ಅವ್ವ ಏಳಬೇಕಿತ್ತು. ಹೊಟ್ಟೆಯಲ್ಲಿ ನೀರು ತುಂಬಿಕೊಂಡು ಏಳುವುದು, ಬಗ್ಗುವುದು ಅವಳಿಗೆ ಹಿಂಸೆ.

ಮರಳಿ ಬಂದವನೇ ಅಪ್ಪ ಎಲ್ಲವನ್ನೂ ಬಿಚ್ಚಿಹಾಕಿದ. ಪೆಟ್ಟಿಗೆಯ ಬದಲು ಪಕ್ಕಕ್ಕೆ ಎಳೆಯುವ ಖಾನೆಗಳನ್ನು ಮಾಡಿದ. ಚೀಲಗಳು ಅಲುಗಾಡದಂತೆ ಒಳಗೆ ಪಟ್ಟಿ ಹೊಡೆದು, ಹೊರಗೆ ಚಿಲಕ ಇಟ್ಟ. ಕೈ ತೊಳೆಯಲು ನಲ್ಲಿಯ ಕ್ಯಾನು, ಬಳಸಿದ ಚೀಲಗಳಿಗೆ ಹಿಂಬದಿ ಬೇರೆ ಡಬ್ಬ, ಸಾಬೂನು, ಹತ್ತಿ, ಮಾಸ್ಕುಗಳಿಗೆ ಒಂದು ಸಣ್ಣ ಖಾನೆ. ಎಲ್ಲ ಮುಗಿದ ದಿನ ಅವ್ವನನ್ನು ಹತ್ತಿಸಿ ಒಂದೊಂದನ್ನೂ ಎಳೆದು ತೋರಿಸಿದ.

ಅವ್ವ ಬಹಳ ಹೊತ್ತು ನೋಡಿದಳು. "ಎಲ್ಲಾ ಚಲೋ ಆಗೇತ್ರಿ. ನನ್ನ ಸಾಮಾನು ಎಲ್ಲಿ ಇಡ್ಲಿ?"

"ಇದೆಲ್ಲ ನಿಂದ ಅಲ್ಲೇನು?"

"ಇದು ರೋಗದ ಸಾಮಾನು. ನಾ ಊರು ನೋಡಾಕ ಹೊಂಟೀನಿ, ದವಾಖಾನಿಗಲ್ಲ."

ಅಪ್ಪ ಕೈಯಲ್ಲಿದ್ದ ಉಳಿಯನ್ನು ಒರೆಸಿಟ್ಟು ಗಾಡಿಯಿಂದ ಇಳಿದ. ಅಂದು ಊಟಕ್ಕೆ ಕೂತಾಗ ನನಗೊಬ್ಬಳಿಗೇ ಕೇಳುವಂತೆ, "ನಾ ಆಕಿ ರೋಗಕ್ಕ ಗಾಡಿ ಕಟ್ಟೀನಿ ಮಗಳ, ಆಕಿಗೆ ಕಟ್ಟಿಲ್ಲ" ಅಂದ.

ಮರುವಾರ, ಅಪ್ಪ ತಾನು ಕಾಲು ಚಾಚಲೆಂದು ಉಳಿಸಿಕೊಂಡಿದ್ದ ಜಾಗದಲ್ಲಿ ಅವ್ವನಿಗೊಂದು ಕಪಾಟು ಎದ್ದಿತು. ಅವಳು ಗೇಣು ಹಾಕಿ ಅಳತೆ ಹೇಳುತ್ತಿದ್ದಳು, ಅವನು ಕೊಯ್ಯುತ್ತಿದ್ದ. ಕೂತಲ್ಲಿಂದಲೇ ಕೈ ಎಟುಕಬೇಕು. ಸ್ಟೋವಿಗೆ ಕೆಳಗೆ ಜಾಗ, ಅದರ ಮೇಲೆ ಚಾಪುಡಿ, ಖಡಕ್ ರೊಟ್ಟಿಯ ಡಬ್ಬಿ. ಸೀರೆಗಳಿಗೆ ಮೇಲಿನ ಅಂತಸ್ತು. ಬಾಗಿಲಿನ ಒಳಮೈಗೆ ಕನ್ನಡಿ. ಅದನ್ನು ಅವಳು ಕೇಳಿರಲಿಲ್ಲ, ಅಪ್ಪನೇ ಹಚ್ಚಿದ್ದ.

ದಸರೆಯ ರಜೆಯಲ್ಲಿ ಹೊರಟೆವು. ಹೊಸಪೇಟೆ ಇನ್ನೂ ಬಂದಿರಲಿಲ್ಲ, ಅದಿರಿನ ಲಾರಿಗಳ ಸಾಲಿನಲ್ಲಿ ಸಿಕ್ಕಿಕೊಂಡೆವು. ಮುಂದೆ ಹಿಂದೆ ಎಲ್ಲೂ ದಾರಿಯಿಲ್ಲ. ಮಧ್ಯಾಹ್ನದ ಚೀಲದ ಹೊತ್ತಾಗಿತ್ತು. ಅಪ್ಪ ಎಂಜಿನ್ ಆರಿಸಿ, ಡ್ರೈವರ್ ಪಕ್ಕದ ಎಂಜಿನ್ ಮುಚ್ಚಳದ ಮೇಲೆ ಬೆಚ್ಚಗಾಗಲು ಇಟ್ಟಿದ್ದ ಚೀಲವನ್ನು ಕೊಟ್ಟ. ಗಾಜುಗಳನ್ನೆಲ್ಲ ಏರಿಸಿ, ಕೈ ತೊಳೆದು, ಮಾಸ್ಕು ಕಟ್ಟಿ ನಳಿಕೆ ಜೋಡಿಸಿದೆ. ಒಳಗೆ ಕುದಿಯುವ ಸೆಕೆ.

ಅಷ್ಟರಲ್ಲಿ ಸಾಲು ಕದಲಿತು. ಹಿಂದಿನ ಲಾರಿಯ ಡ್ರೈವರ್ ಹಾರ್ನ್ ಬಾರಿಸಿ, ಇಳಿದು ಬಂದು ಗಾಜಿಗೆ ಬಡಿದ. ಒಳಗೆ ಮಲಗಿದ್ದ ಅವ್ವ, ಕೊಕ್ಕೆಯಲ್ಲಿ ತೂಗುತ್ತಿದ್ದ ಚೀಲ ಅವನ ಕಣ್ಣಿಗೆ ಬಿದ್ದವು. ಕೈ ಕೆಳಗಿಳಿಸಿದ. "ಪರವಾಲೇದಮ್ಮಾ, ನಿದಾನಂಗಾ ಕಾನಿವ್ವಂಡಿ" ಅಂದ ತೆಲುಗಿನಲ್ಲಿ, ಅವಸರ ಬೇಡ ಎಂದು. ವಾಪಸು ಹೋಗಿ ತನ್ನ ಲಾರಿಯನ್ನು ನಮ್ಮ ಗಾಡಿಯ ಹಿಂದೆ ಅಡ್ಡವಾಗಿ, ಯಾರೂ ಪಕ್ಕದಲ್ಲಿ ನುಗ್ಗಿ ಧೂಳೆಬ್ಬಿಸದ ಹಾಗೆ ನಿಲ್ಲಿಸಿಕೊಂಡ. ಹಿಂದಿನವರು ಕೂಗಾಡಿದರು, ಬೈದರು. ಅವನು ಬೀಡಿ ಹಚ್ಚಿಕೊಂಡು ಬಂಪರ್ ಮೇಲೆ ಕೂತೇ ಇದ್ದ. ಮುಗಿಯಿತೆಂದು ಅಪ್ಪ ಕೈ ಮುಗಿದ ಮೇಲೆಯೇ ಎದ್ದ.

ಹರಪನಹಳ್ಳಿ, ಹರಿಹರ, ಹೊನ್ನಾಳಿ ದಾಟಿ ಮರುದಿನ ಕೂಡಲಿ ಮುಟ್ಟಿದೆವು. ಅವ್ವ ನನ್ನ ಭುಜ ಹಿಡಿದು ಹೊಳೆಯ ಮೆಟ್ಟಿಲಿಳಿದಳು. ಬಟ್ಟೆ ಒಗೆಯುತ್ತಿದ್ದ ಹೆಂಗಸನ್ನು ಕೇಳಿ ತುಂಗಾ ಯಾವುದು, ಭದ್ರಾ ಯಾವುದು ತಿಳಿದುಕೊಂಡಳು.

"ಎರಡೂ ಒಂದ ಥರ ಅದಾವಲ್ಲ" ಅಂದಳು. ಹರಿವಿನ ಕಡೆ ಕೈ ತೋರಿಸಿ, "ಇದ ನೀರು ನಮ್ಮೂರ ಗದ್ದಿಗೆ ಬರ್ತೈತಿ" ಅಂದಳು.

ತಾನೇ ಕಪಾಟು ತೆರೆದು ಚಹಾ ಮಾಡಿದಳು. ಆ ಹೆಂಗಸಿಗೂ ಕೊಟ್ಟಳು. ರೋಗದಿಂದಾಗಿ ಅವ್ವನಿಗೆ ಕುಡಿಯುವುದಕ್ಕೆ ಮಿತಿಯಿತ್ತು. ಅರ್ಧ ಲೋಟ ಹಿಡಿದು ಬಿಸಿಲೇರುವ ತನಕ ಗುಟುಕರಿಸುತ್ತ ಕೂತಿದ್ದಳು. ಬೇಗ ಮುಗಿಸೆಂದು ಯಾರೂ ಹೇಳಲಿಲ್ಲ.

ಆಮೇಲೆ ಮಂತ್ರಾಲಯಕ್ಕೂ ಬಾದಾಮಿಗೂ ಹೋಗಿಬಂದೆವು. ಮರುವರ್ಷದ ಬೇಸಿಗೆಯಲ್ಲಿ, ಮನೆಯಲ್ಲೇ ಇದ್ದಾಗ, ಹೊಟ್ಟೆಗೆ ಸೋಂಕು ತಗುಲಿತು. ಬಳ್ಳಾರಿಯ ಆಸ್ಪತ್ರೆಯಲ್ಲಿ ಕೆಲವು ದಿನ ಒದ್ದಾಡಿ ಅವ್ವ ತೀರಿಕೊಂಡಳು. ಉಳಿದ ಡಬ್ಬಗಳನ್ನು ಅಪ್ಪ ಅದೇ ವಾರ್ಡಿನ ಇನ್ನೊಬ್ಬರಿಗೆ ಕೊಟ್ಟು ಬಂದ. ಗಾಡಿಯನ್ನು ಮಾತ್ರ ಯಾರಿಗೂ ಮುಟ್ಟಗೊಡಲಿಲ್ಲ.

ಗಣಿಗಳು ನಿಂತ ಮೇಲೆ ಲಾರಿ ಕಟ್ಟಿಸುವವರೇ ಇಲ್ಲವಾಗಿ ಶೆಡ್ಡು ಮುಚ್ಚಿತು. ಆಗ ಸಂತೆಗಳಲ್ಲಿ ಬಟ್ಟೆ ಮಾರುವ ಸಿರುಗುಪ್ಪದವನೊಬ್ಬ ಮೆಟಡಾರ್ ಕೇಳಿಕೊಂಡು ಬಂದ. ಖಾನೆಗಳನ್ನು ಎಳೆದು ನೋಡಿ ಖುಷಿಪಟ್ಟ.

"ಭಾಳ ಚಂದ ಮಾಡೀರಿ. ಯಾತಕ್ಕ ಮಾಡ್ಸಿದ್ದು ಇವು?"

"ನಮ್ಮ ಮನಿಯಾಕಿಗೆ ಊರು ನೋಡೋ ಹುಚ್ಚು ಇತ್ತು" ಅಂದ ಅಪ್ಪ.

ಅವನು ಗಾಡಿ ಕೊಂಡು ಹೋದ ಮೇಲೆ ಅಪ್ಪ ಅಂಗಳ ಗುಡಿಸಿದ. ಮಾರನೆಯ ದಿನದಿಂದ ಕೊಳಗಲ್ಲು ಹಳ್ಳಿಯಲ್ಲಿ ಯಾರದೋ ಹೊಸ ಮನೆಗೆ ಬಾಗಿಲು ಮಾಡುವ ಕೆಲಸಕ್ಕೆ ಹೋಗತೊಡಗಿದ.