ಮೂರು ಸಲ ಕೇಳಿದ ಡೊರೀನ್

ಡೊರೀನ್ ಯಾರನ್ನೂ ಏನನ್ನೂ ಎರಡನೇ ಸಲ ಕೇಳುತ್ತಿರಲಿಲ್ಲ. ಒಮ್ಮೆ ಬೇಡ ಎಂದರೆ ಮುಗಿಯಿತು, ತಟ್ಟೆ ಒಳಗೆ ಹೋಯಿತು. ಇದು ನನಗೆ ಗೊತ್ತಾದದ್ದು ನಾವು ನೆದರ್‌ಲ್ಯಾಂಡ್ಸಿನ ರೈಸ್‌ವೈಕ್‌ಗೆ ಬಂದ ಎರಡನೇ ವಾರದಲ್ಲಿ, ಅದೂ ಹಸಿದ ಹೊಟ್ಟೆಯಲ್ಲಿ.

ನಾಲ್ಕನೇ ಮಹಡಿಯ ಉದ್ದನೆಯ ತೆರೆದ ಕಾರಿಡಾರಿನಲ್ಲಿ ನಮ್ಮ ಬಾಗಿಲು, ಅದರ ಪಕ್ಕದಲ್ಲೇ ಅವರದು. ಅವರು ಇಂಗ್ಲೆಂಡಿನವರು. ಡಚ್ ಗಂಡನನ್ನು ಕಟ್ಟಿಕೊಂಡು ಇಪ್ಪತ್ತಾರನೇ ವಯಸ್ಸಿನಲ್ಲಿ ಇಲ್ಲಿಗೆ ಬಂದವರು, ಗಂಡ ತೀರಿಕೊಂಡ ಮೇಲೂ ಇಲ್ಲೇ ಉಳಿದಿದ್ದರು. ನಾನು ನೋಡಿದಾಗ ಅವರಿಗೆ ಎಪ್ಪತ್ತೆಂಟು. ಲಿಫ್ಟಿನಲ್ಲಿ ಮೊದಲ ಸಲ ಸಿಕ್ಕಾಗ ನಗುತ್ತಾ, "ನೀವೆಲ್ಲ ಒಂದಿನ ಟೀಗೆ ಬರಲೇಬೇಕು" ಅಂದರು. ಅವರು ಆಡಿದ್ದೆಲ್ಲ ಇಂಗ್ಲಿಷ್. ನನ್ನ ತಲೆಯಲ್ಲಿ ಮಾತ್ರ ಅದು ಕನ್ನಡವಾಗಿಯೇ ಕೂತುಬಿಟ್ಟಿದೆ, ಹಾಗೇ ಬರೆಯುತ್ತೇನೆ.

ನಾವು ದಾವಣಗೆರೆಯವರು. ಬರಲೇಬೇಕು ಅಂದವರ ಮನೆಗೆ ಹೋಗದೆ ಇರುವುದು ನಮ್ಮಲ್ಲಿ ಅವಮಾನ ಮಾಡಿದ ಹಾಗೆ. ಆ ಶನಿವಾರವೇ ನಾನು, ನನ್ನ ಗಂಡ ಪ್ರಕಾಶ, ಎಂಟು ವರ್ಷದ ಮಗಳು ಇಶಾ ಕೋಡುಬಳೆ ಡಬ್ಬಿ ಹಿಡಿದು ಅವರ ಬೆಲ್ ಒತ್ತಿದೆವು. ಬಾಗಿಲು ತೆರೆದ ಡೊರೀನ್ ತಲೆತುಂಬ ಕೂದಲು ಸುತ್ತಿದ ಗುಲಾಬಿ ಬಣ್ಣದ ರೋಲರುಗಳಿದ್ದವು. ಅವರ ಮುಖದಲ್ಲಿ ಕಂಡ ಗಾಬರಿಯನ್ನು ನಾನು ಸಂಭ್ರಮ ಅಂದುಕೊಂಡೆ. ತಾರೀಖು, ಗಂಟೆ ಹೇಳದೆ ಕರೆದರೆ ಅದು ಕರೆಯೇ ಅಲ್ಲ, ಹವಾಮಾನದ ಬಗ್ಗೆ ಆಡುವ ಮಾತಿಗಿಂತ ಅದಕ್ಕೆ ಹೆಚ್ಚು ತೂಕವಿಲ್ಲ ಎಂದು ಆಗ ನಮಗೆ ಯಾರು ಹೇಳಬೇಕು?

ಪಾಪ, ಒಳಗೆ ಕರೆದರು. ಪಿಂಗಾಣಿ ಪಾತ್ರೆಯಲ್ಲಿ ಚಹಾ ಬಂತು. ಅದಕ್ಕೆ ಬಿಸಿ ಆರದಂತೆ ಕೈಯಲ್ಲಿ ಹೆಣೆದ ಉಣ್ಣೆಯ ಟೋಪಿ. ನಿಂಬೆಹಣ್ಣಿನ ಕೇಕಿನ ತಟ್ಟೆ ಮುಂದೆ ಹಿಡಿದು, "ಒಂದು ತುಂಡು?" ಅಂದರು. ನಾನು ನಮ್ಮ ಪದ್ಧತಿಯಂತೆ, "ಅಯ್ಯೋ, ಬೇಡ ಬೇಡ" ಅಂದೆ. ಅವರು "ಸರಿ ಡಿಯರ್" ಎಂದು ತಟ್ಟೆ ತೆಗೆದಿಟ್ಟರು. ಪ್ರಕಾಶನಿಗೂ ಹಾಗೇ ಆಯಿತು. ಈ ದೇಶದ ಶಾಲೆ ಸೇರಿ ಒಂದೇ ವಾರವಾಗಿದ್ದ ಇಶಾ ಮಾತ್ರ "ಯೆಸ್ ಪ್ಲೀಸ್" ಎಂದು ಎರಡು ತುಂಡು ತಿಂದಳು. ಮನೆಗೆ ಬಂದವಳೇ ನಾನು ಅವಲಕ್ಕಿ ಒಗ್ಗರಣೆಗೆ ಇಡುತ್ತಾ ಕೂಗಾಡಿದೆ. "ಎರಡನೇ ಸಲ ಕೇಳಬಾರದೇನ್ರೀ? ಬಾಯಿಗೇನು ಬಂದಿತ್ತು ಆಕಿಗೆ?"

ಕೆಲವು ತಿಂಗಳು ಕಳೆದು ಸಲಿಗೆ ಬೆಳೆದ ಮೇಲೆ ಇದನ್ನೆಲ್ಲ ಅವರಿಗೇ ಹೇಳಿಬಿಟ್ಟೆ. ನಮ್ಮಲ್ಲಿ ಮೊದಲನೇ ಬೇಡ ಬರೀ ಮರ್ಯಾದೆಗೆ, ಎರಡನೇ ಬೇಡ ಸ್ವಲ್ಪ ಸಡಿಲ, ಮೂರನೇ ಸಲ ಕೇಳಿದರೆ ತಟ್ಟೆಗೆ ಕೈ ಹಾಕುತ್ತೇವೆ ಅಂದೆ. ಡೊರೀನ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಹಾಗಾದರೆ ಅವತ್ತು ನಿನ್ನನ್ನ ಹಸಿವಿನಲ್ಲಿ ಕಳಿಸಿದೆನಲ್ಲ! ನಮ್ಮಲ್ಲಿ ಎರಡನೇ ಸಲ ಕೇಳಿದರೆ ಬಲವಂತ ಮಾಡಿದ ಹಾಗೆ, ವೀಣಾ." ಅವತ್ತಿನಿಂದ ನನಗೆ ಮಾತ್ರ ಮೂರು ಸಲ ಕೇಳುವುದು ಅವರ ನೇಮವಾಯಿತು. ಬೆರಳು ಮಡಚಿ ಎಣಿಸುತ್ತಾ ಕೇಳುತ್ತಿದ್ದರು. ನಾನು ಮೂರನೇ ಬೆರಳಿಗೆ ಹೂಂ ಎನ್ನುತ್ತಿದ್ದೆ. ಮೊದಲನೆಯದಕ್ಕೇ ಹೂಂ ಅಂದರೆ ಆಟ ಕೆಟ್ಟಿತೆಂದು ಅವರಿಗೆ ಬೇಜಾರು.

ಆಮೇಲೆ ಕೊರೋನಾ ಬಂತು, ಎಲ್ಲರ ಹಾಗೆ ನಾವೂ ಮನೆ ಸೇರಿದೆವು. ನನ್ನ ಕಾಲು ಒಂದು ಕಡೆ ನಿಲ್ಲುವ ಕಾಲಲ್ಲ. ಊಟದ ಮೇಜೇ ಆಫೀಸು, ಮಲಗುವ ಕೋಣೆಯೇ ಇಶಾಳ ಶಾಲೆ, ಪ್ರಕಾಶನ ಮೀಟಿಂಗು ಅಡುಗೆಮನೆಯಲ್ಲಿ. ಎರಡು ಕರೆಗಳ ನಡುವೆ ಐದು ನಿಮಿಷ ಸಿಕ್ಕರೆ ಸಾಕು, ಕಾರಿಡಾರಿನ ಈ ತುದಿಯಿಂದ ಆ ತುದಿಗೆ ಓಡಾಡುತ್ತಿದ್ದೆ. ಡೊರೀನ್ ಕಿಟಕಿಯ ಬಲೆಪರದೆ ಸರಿಸಿ ಇದನ್ನು ನಾಲ್ಕು ದಿನ ನೋಡಿದರು. ಐದನೇ ದಿನ ಬಾಗಿಲು ತೆರೆದು ಒಂದು ಕುರ್ಚಿ ಹೊರಗಿಟ್ಟರು. "ಅಳತೆ ಟೇಪಿದ್ದರೆ ತಾ. ಒಂದೂವರೆ ಮೀಟರ್ ಸರಿಯಾಗಿ ಇರಲಿ, ಕೆಳಗಿನ ಮನೆಯವನು ಪೊಲೀಸರಿಗೆ ಫೋನ್ ಮಾಡ್ತಾನೆ."

ಹೀಗೆ ನಾಲ್ಕು ಗಂಟೆಯ ಚಹಾ ಶುರುವಾಯಿತು. ಅವರು ತಮ್ಮ ಹೊಸ್ತಿಲಲ್ಲಿ, ನಾನು ನನ್ನ ಹೊಸ್ತಿಲಲ್ಲಿ, ನಡುವೆ ಟೇಪು. ಅವರವರ ಲೋಟ ಅವರವರಿಗೆ. ನನ್ನ ಪಾದ ಕುಣಿಯುತ್ತಲೇ ಇರುತ್ತಿತ್ತು. ಅದನ್ನು ನಿಲ್ಲಿಸಲೆಂದೇ ಏನೋ, ಅವರು ತಮ್ಮ ಇಂಗ್ಲೆಂಡನ್ನು ಬಿಚ್ಚುತ್ತಿದ್ದರು. ಸೋಮವಾರ ಬಟ್ಟೆ ಒಗೆಯುವ ದಿನ. ಬೇರೆ ದಿನ ಒಗೆದರೆ ಬೀದಿಯವರೆಲ್ಲ ಮಾತಾಡಿಕೊಳ್ಳುತ್ತಿದ್ದರಂತೆ. ಶುಕ್ರವಾರ ರಾತ್ರಿ ಅಗ್ಗಿಷ್ಟಿಕೆ ಮುಂದೆ ತಗಡಿನ ತೊಟ್ಟಿಯಲ್ಲಿ ಸ್ನಾನ, ಮೊದಲು ಅಪ್ಪ, ಆಮೇಲೆ ಅಮ್ಮ, ಆಮೇಲೆ ಅಕ್ಕ ಐವಿ, ಕೊನೆಗೆ ಡೊರೀನ್, ಎಲ್ಲರಿಗೂ ಅದೇ ನೀರು. ಮನೆಯ ಮುಂದಿನ ಕೋಣೆಯನ್ನು ಪಾದ್ರಿಗೂ ಸಾವಿಗೂ ಎಂದು ಬೀಗ ಹಾಕಿಟ್ಟಿರುತ್ತಿದ್ದರು. ಭಾನುವಾರ ಒಂದು ಅಂಗಡಿಯೂ ತೆರೆಯುತ್ತಿರಲಿಲ್ಲ, ಇಡೀ ದೇಶ ಮಾಂಸ ಬೇಯುವುದನ್ನೇ ಕಾಯುತ್ತಾ ಆಕಳಿಸುತ್ತಿತ್ತಂತೆ.

"ಈಗ ಹೋದರೆ ನನಗೆ ದಾರಿ ತಪ್ಪತ್ತೆ" ಎನ್ನುತ್ತಿದ್ದರು. "ಊರಲ್ಲಿ ಅಲ್ಲ, ಜನರಲ್ಲಿ. ರಸ್ತೆಯಲ್ಲಿ ನಡೀತಾ ನಡೀತಾ ಕಾಗದದ ಲೋಟದಲ್ಲಿ ಕಾಫಿ ಕುಡೀತಾರೆ. ಪರಿಚಯ ಇಲ್ಲದವರೂ ತಬ್ಬಿಕೊಳ್ತಾರೆ. ಟಿವಿಯಲ್ಲಿ ಅಳ್ತಾರೆ. ನಾನು ಬಿಟ್ಟು ಬಂದ ದೇಶದಲ್ಲಿ ಈಗ ಐವಿ ಒಬ್ಬಳೇ ವಾಸವಾಗಿದಾಳೆ."

ಆ ಐವಿ ಸಮುದ್ರದ ಆಚೆ, ಹಾರ್ವಿಚ್ ಬಂದರಿನಿಂದ ಒಂದು ಗಂಟೆ ದೂರದ ಊರಿನ ವೃದ್ಧಾಶ್ರಮದಲ್ಲಿದ್ದರು. ಪ್ರತಿ ವರ್ಷ ಹೂಕ್ ವಾನ್ ಹಾಲಂಡ್‌ನಿಂದ ಹಡಗು ಹತ್ತಿ ಡೊರೀನ್ ಅಕ್ಕನನ್ನು ನೋಡಿ ಬರುತ್ತಿದ್ದರು. ಹೂಕ್ ನಮ್ಮ ಮನೆಯಿಂದ ಕಾರಿನಲ್ಲಿ ಅರ್ಧ ಗಂಟೆ. ಈ ಅರ್ಧ ಗಂಟೆಯನ್ನು ನೀವು ನೆನಪಿಡಬೇಕು.

ಬೇಸಿಗೆಯಲ್ಲಿ ನಿಯಮಗಳು ಸ್ವಲ್ಪ ಸಡಿಲವಾದವು. ಅದೇ ಹೊತ್ತಿಗೆ ಐವಿಗೆ ಹುಷಾರು ತಪ್ಪಿತು. ಐವಿಯ ಮಗ ನೀಲ್ ಫೋನು ಮಾಡಿ, ಬರುವುದಾದರೆ ಈಗಲೇ ಬನ್ನಿ, ಹಾರ್ವಿಚ್‌ಗೆ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ, ಎರಡು ವಾರ ನಮ್ಮ ಮನೆಯಲ್ಲೇ ಬೇರೆ ಕೋಣೆಯಲ್ಲಿದ್ದು ಆಮೇಲೆ ನೋಡಬಹುದು ಅಂದನಂತೆ. ಡೊರೀನ್ ಇದನ್ನು ಚಹಾದ ಹೊತ್ತಿನಲ್ಲಿ ಹೇಳಿದರು. ಮೊಣಕಾಲು ನೋವಿಗೆ ಟ್ರಾಮು, ಮೆಟ್ರೋ ಹತ್ತಿ ಇಳಿಯಲಾರರು, ಗುರುತಿಲ್ಲದವರ ಟ್ಯಾಕ್ಸಿಯಲ್ಲಿ ಕೂರಲು ಸೋಂಕಿನ ಹೆದರಿಕೆ. ಇಷ್ಟು ಹೇಳಿ ಲೋಟದೊಳಗೆ ನೋಡುತ್ತಾ ಕೂತರು.

"ನಾನು ಬಿಡ್ಲಾ ಡೊರೀನ್? ಹೂಕ್ ತನಕ?" ಅಂದೆ.

"ಛೆ ಛೆ, ಬೇಡ ಡಿಯರ್. ನಿನಗ್ಯಾಕೆ ತೊಂದರೆ, ಕೆಲಸ ಬೇರೆ ಇದೆ."

"ಸರಿ" ಅಂದೆ.

ನಿಜ ಹೇಳುತ್ತೇನೆ. ನನಗೆ ಹಗುರವಾಯಿತು. ಆ ವಾರ ನನ್ನ ತಲೆಯ ಮೇಲೆ ಆಫೀಸಿನ ಒಂದು ಸಾಫ್ಟ್‌ವೇರ್ ರಿಲೀಸು ಕೂತಿತ್ತು, ಮುಚ್ಚಿದ ಕಾರಿನಲ್ಲಿ ವಯಸ್ಸಾದವರ ಜೊತೆ ಕೂತು ನಾನೇ ಅವರಿಗೆ ಸೋಂಕು ಅಂಟಿಸಿದರೆ ಎಂಬ ಭಯವೂ ಇತ್ತು. ಒಳಗೆ ಬಂದು ಪ್ರಕಾಶನಿಗೆ ಹೇಳಿದೆ. ಅವನು ಹೆಡ್‌ಫೋನು ತೆಗೆದು, "ಇನ್ನೊಂದ್ ಸಲ ಕೇಳ್ಬೇಕಿತ್ತೇನೋ" ಅಂದ.

"ಅವರು ನಮ್ಮವರಲ್ರೀ. ಇಂಗ್ಲೆಂಡಿನವರು ಬ್ಯಾಡ ಅಂದ್ರೆ ಬ್ಯಾಡ ಅಷ್ಟೆ. ಒತ್ತಾಯ ಮಾಡಿದ್ರೆ ಬೇಜಾರಾಗ್ತಾರೆ."

ನನಗೆ ಬೇಕಾದಾಗ ನಾನು ದಾವಣಗೆರೆಯವಳು, ಅನುಕೂಲವಾದಾಗ ಇಂಗ್ಲೆಂಡಿನವಳು.

ಮರುದಿನದಿಂದ ಓಡಾಟ ಶುರುವಾದದ್ದು ಡೊರೀನ್ ಮನೆಯಲ್ಲಿ. ಗೋಡೆಯಾಚೆ ಅವರ ಹೆಜ್ಜೆ ಕೇಳುತ್ತಿತ್ತು. ಕಿಟಕಿಗೆ, ಬಾಗಿಲಿಗೆ, ಮತ್ತೆ ಕಿಟಕಿಗೆ. ಚಹಾಕ್ಕೆ ಕೂತರೂ ಎದ್ದೆದ್ದು ಒಳಗೆ ಹೋಗುತ್ತಿದ್ದರು. ಫೋನು ಬಂತೇನೋ ಎಂದು ಕಿವಿ ಕೊಡುತ್ತಿದ್ದರು. ಒಂದು ಸಂಜೆ ಇಶಾ, "ಅಮ್ಮಾ, ಡೊರೀನ್ ಹ್ಯಾಸ್ ಅ ಸೂಟ್‌ಕೇಸ್ ಬೈ ದ ಡೋರ್. ಇಟ್ಸ್ ಬೀನ್ ದೇರ್ ಆಲ್ ವೀಕ್" ಅಂದಳು. ನಾನೂ ನೋಡಿದ್ದೆ. ನೀಲಿ ಸೂಟ್‌ಕೇಸು, ಅದರ ಮೇಲೆ ಮಡಚಿಟ್ಟ ಮಳೆಕೋಟು. ಯಾರನ್ನೋ ಏರ್ಪಾಡು ಮಾಡಿಕೊಂಡಿರಬೇಕು ಎಂದುಕೊಂಡೆ. ಕೇಳಲಿಲ್ಲ. ಕೇಳಿದರೆ ಉತ್ತರ ಬಂದೀತೆಂದೇ ಕೇಳಲಿಲ್ಲ ಎಂದು ಈಗ ಅನ್ನಿಸುತ್ತದೆ.

ಎಲೆ ಉದುರುವ ಹೊತ್ತಿಗೆ ಸೂಟ್‌ಕೇಸು ಬಾಗಿಲ ಹತ್ತಿರ ಇರಲಿಲ್ಲ. ಐವಿ ಚೇತರಿಸಿಕೊಂಡರು, ಮತ್ತೆ ಹಾಸಿಗೆ ಹಿಡಿದರು. ಡಿಸೆಂಬರಿನಲ್ಲಿ ಗಡಿಗಳು ಮತ್ತೆ ಬಿಗಿಯಾದವು. ಜನವರಿಯಲ್ಲಿ ಐವಿ ಹೋಗಿಬಿಟ್ಟರು.

ಅಂತ್ಯಕ್ರಿಯೆಯನ್ನು ಪರದೆಯ ಮೇಲೆ ನೋಡುವ ಕಾಲ ಅದು. ಡೊರೀನ್‌ಗೆ ಕಂಪ್ಯೂಟರ್ ಬಾರದು. ನಾನು ಮಾಸ್ಕ್ ಹಾಕಿಕೊಂಡು, ಕಿಟಕಿಯೆಲ್ಲ ತೆರೆದು, ನನ್ನ ಲ್ಯಾಪ್‌ಟಾಪನ್ನು ಅವರ ಮೇಜಿನ ಮೇಲಿಟ್ಟೆ. ಅವರು ಕಪ್ಪು ಕೋಟು, ಟೋಪಿ, ಕೈಗವಸು, ಹೊಳೆಯುವಂತೆ ಉಜ್ಜಿದ ಶೂ ಹಾಕಿಕೊಂಡು ಬಂದು ಕೂತರು. ತಮ್ಮ ಮನೆಯ ಕುರ್ಚಿಯಲ್ಲಿ, ಮಡಿಲಲ್ಲಿ ಕೈಚೀಲ ಇಟ್ಟುಕೊಂಡು. ಪರದೆಯಲ್ಲಿ ಆರು ಜನ, ದೂರದೂರ ಕೂತಿದ್ದರು. ಇಪ್ಪತ್ತು ನಿಮಿಷಕ್ಕೆ ಎಲ್ಲ ಮುಗಿಯಿತು. ಡೊರೀನ್ ಅಳಲಿಲ್ಲ. ನಾನು ಕೋಣೆಯ ಇನ್ನೊಂದು ತುದಿಯ ಕುರ್ಚಿಯಲ್ಲಿ ಕೂತು ಬಿಕ್ಕಿದೆ.

ಟೋಪಿ ತೆಗೆಯುತ್ತಾ ಅವರು ನನ್ನ ಕಡೆ ನೋಡದೆ ಹೇಳಿದರು. "ಅವತ್ತು ನೀನು ಇನ್ನೊಂದು ಸಲ ಕೇಳ್ತೀಯ ಅಂದುಕೊಂಡಿದ್ದೆ, ವೀಣಾ. ಮೂರನೇದರ ತನಕ ಹೋಗ್ತಿರಲಿಲ್ಲ. ಎರಡನೇದಕ್ಕೇ ಹೂಂ ಅಂತಿದ್ದೆ."

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು. "ಸಾರಿ ಡೊರೀನ್" ಅಂದೆ. ಅವರು ಎದ್ದು ಅಡುಗೆಮನೆಗೆ ಹೋಗಿ ನೀರು ಕಾಯಲಿಟ್ಟರು. ಬಾಗಿಲಲ್ಲಿ ನಿಂತು, ಕೈಗವಸು ಹಾಕಿದ ಬೆರಳು ಮಡಚುತ್ತಾ, ನನ್ನನ್ನು ಮೂರು ಸಲ ಚಹಾ ಬೇಕೇ ಎಂದು ಕೇಳಿದರು.

ಮರುವರ್ಷ ದಾರಿಗಳು ತೆರೆದ ಮೇಲೆ ಅವರು ಮನೆ ಖಾಲಿ ಮಾಡಿ ನೀಲ್ ಮನೆಗೆ ಹೊರಟರು. ಈ ಸಲ ನಾನು ಕೇಳಲೇ ಇಲ್ಲ. ಕಾರಿನ ಕೀ ತೆಗೆದುಕೊಂಡು ಹೋಗಿ ನೀಲಿ ಸೂಟ್‌ಕೇಸು ಎತ್ತಿದೆ. ದಾರಿಯುದ್ದಕ್ಕೂ ಗಾಜಿನಮನೆಗಳು, ಕಾಲುವೆಗಳು. ಗಡಿಯಾರ ನೋಡಿಕೊಂಡೇ ಓಡಿಸಿದೆ. ಇಪ್ಪತ್ತೆಂಟು ನಿಮಿಷ. ಹಡಗುಕಟ್ಟೆಯಲ್ಲಿ ಅವರು ಕೈಕುಲುಕಿ, "ನೀವೆಲ್ಲ ಒಂದಿನ ಟೀಗೆ ಬರಲೇಬೇಕು" ಅಂದರು. ಈಗ ನನಗೆ ಈ ಮಾತಿನ ತೂಕ ಗೊತ್ತು. ನಕ್ಕು ತಲೆಯಾಡಿಸಿದೆ. ಹತ್ತು ಹೆಜ್ಜೆ ಹೋದವರು, ಆ ನೋಯುವ ಮೊಣಕಾಲಿನಲ್ಲಿ, ತಿರುಗಿ ನನ್ನ ಹತ್ತಿರಕ್ಕೇ ಬಂದರು.

"ಗುರುವಾರ" ಅಂದರು. "ನಾಲ್ಕು ಗಂಟೆಗೆ. ಯಾವ ಗುರುವಾರವಾದರೂ ಸರಿ." ಆಮೇಲೆ, ತಬ್ಬಿಕೊಳ್ಳುವವರನ್ನು ಅಷ್ಟೆಲ್ಲ ಬೈಯುತ್ತಿದ್ದ ಡೊರೀನ್, ನನ್ನನ್ನು ತಬ್ಬಿಕೊಂಡರು.

ಇಲ್ಲಿನ ಪರ್ಮಿಟ್ ಹಿಡಿದು ಬದುಕುವ ನಮಗೆ ಆ ಕಡೆ ಹೋಗಲು ಬೇರೆ ವೀಸಾ ಬೇಕು. ಅರ್ಜಿ ಹಾಕಿದೆ. ಆ ದಿನಗಳಲ್ಲಿ ಎಲ್ಲವೂ ತಡ. ಪ್ರತಿ ಗುರುವಾರ ನಾಲ್ಕು ಗಂಟೆಗೆ ನನ್ನ ಕಾಲು ತಾನಾಗಿ ಕಾರಿಡಾರಿಗೆ ಹೋಗುತ್ತಿತ್ತು. ಪಕ್ಕದ ಬಾಗಿಲಲ್ಲಿ ಈಗ ಬೇರೆಯವರ ಸೈಕಲ್ಲು ನಿಂತಿತ್ತು. ಪಾಸ್‌ಪೋರ್ಟ್ ವೀಸಾ ಸಮೇತ ಕೈಗೆ ಬಂದಾಗ ಮಾರ್ಚ್. ನೀಲ್‌ನ ಕಾಗದ ಬಂದು ಆಗಲೇ ಮೂರು ವಾರವಾಗಿತ್ತು. ಡೊರೀನ್ ನಿದ್ದೆಯಲ್ಲೇ ಹೋದರಂತೆ.

ಆದರೂ ಹೋದೆ. ಕರೆದಿದ್ದರಲ್ಲ. ಹೂಕ್‌ನಿಂದ ಹಡಗು ಹತ್ತಿ, ಹಾರ್ವಿಚ್‌ನಿಂದ ರೈಲು ಹಿಡಿದು, ಗುರುವಾರ ನಾಲ್ಕು ಗಂಟೆಗೆ ಸರಿಯಾಗಿ ಬೆಲ್ ಒತ್ತಿದೆ. ನೀಲ್ ಒಳ್ಳೆಯ ಮನುಷ್ಯ. ಒಳಗೆ ಕೂರಿಸಿದ. ಆ ಪಿಂಗಾಣಿ ಪಾತ್ರೆ ತನ್ನ ಉಣ್ಣೆಯ ಟೋಪಿಯ ಸಮೇತ ಕಪಾಟಿನ ಮೇಲಿತ್ತು. ಮೇಜಿನ ಮೇಲೆ ದೊಡ್ಡ ಲೋಟಗಳು, ದಾರದ ಚಹಾ ಚೀಲಗಳ ಪೆಟ್ಟಿಗೆ.

"ಟೀ ಮಾಡಲೇ?" ಅಂದ, ಕೆಟಲ್ ಎತ್ತುತ್ತಾ.

"ಅಯ್ಯೋ, ಬೇಡ ಬೇಡ" ಅಂದೆ, ಅಭ್ಯಾಸಬಲದಿಂದ.

"ಸರಿ" ಎಂದು ಅವನು ಕೆಟಲ್ ಕೆಳಗಿಟ್ಟ.