ಮೀನಿಲ್ಲದ ತೊಟ್ಟಿ

ನಿನ್ನೆ ಸುಲಿದ ಸಿಗಡಿಯಲ್ಲಿ ಒಂದು ಸಿಂಕಿನ ಹಿಂದೆ ಬಿದ್ದುಹೋಗಿತ್ತು. ಬೆಳಿಗ್ಗೆ ಅಡುಗೆಮನೆಗೆ ಕಾಲಿಟ್ಟರೆ ವಾಸನೆ. ಬೈದುಕೊಂಡು ಹುಡುಕಬೇಕಾದವಳು ಸುಮ್ಮನೆ ನಿಂತು ನಕ್ಕೆ. ಕೊಳೆತ ಸಿಗಡಿಯ ವಾಸನೆಗೆ ಮನಸ್ಸು ಹಗುರಾಗುವ ಹೆಂಗಸು ಮಂಗಳೂರಿನಲ್ಲಿ ನಾನೊಬ್ಬಳೇ ಇರಬೇಕು. ಯಾಕೆಂದು ಹೇಳುತ್ತೇನೆ, ಬೇಕಾದರೆ ಮೂಗು ಹಿಡಿದುಕೊಂಡೇ ಕೇಳಿ.

ಕೆಲವು ವರ್ಷಗಳ ಹಿಂದೆ ಇವರಿಗೆ ಹೃದಯದ ಆಪರೇಷನ್ ಆಯಿತು. ಇವರೆಂದರೆ ನನ್ನ ಯಜಮಾನರು. ತೊಕ್ಕೊಟ್ಟಿನಲ್ಲಿ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ. ಊರಿಗೆಲ್ಲ ಧೈರ್ಯ ಹೇಳುತ್ತಿದ್ದ ಮನುಷ್ಯ. ಗಾಯ ಒಣಗಿತು, ಡಾಕ್ಟರು ನಡೆಯಿರಿ ಎಂದರು, ಇವರು ನಡೆಯಲಿಲ್ಲ. ಮೆಟ್ಟಿಲಿಳಿದರೆ ಎದೆ ಏನಾಗುತ್ತದೋ, ಹೊರಗೆ ಯಾವ ರೋಗ ಅಂಟುತ್ತದೋ. ಬಂದವರ ಚಪ್ಪಲಿಗೂ ಸ್ಯಾನಿಟೈಸರ್ ಚಿಮುಕಿಸುತ್ತಿದ್ದರು. ಅಂಗಡಿಯನ್ನು ಮೈದುನ ನೋಡಿಕೊಳ್ಳುತ್ತಿದ್ದ. ನಾನು ಬೈದೆ, ಅತ್ತೂ ನೋಡಿದೆ, ಕೊನೆಗೆ ಬೈಯುವುದನ್ನೂ ಬಿಟ್ಟೆ. ಹಾಗೆ ಬಿಟ್ಟದ್ದೇ ನನಗೆ ಹೆದರಿಕೆ ಹುಟ್ಟಿಸಿತು.

ಆಗ ನಮ್ಮ ಮೇಲಿನ ಫ್ಲಾಟಿನ ವಿನ್ನಿಬಾಯಿ ಇವರನ್ನು ನೋಡಲು ಬಂದರು. ಕುವೈತಿನಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಹೆಚ್ಚು ಮಾತಾಡಲಿಲ್ಲ. ಮರುದಿನ ಅವರ ಮನೆಯಲ್ಲಿ ಖಾಲಿ ಬಿದ್ದಿದ್ದ ಗಾಜಿನ ತೊಟ್ಟಿ ನಮ್ಮ ಹಾಲ್‌ಗೆ ಇಳಿಯಿತು.

"ಮೊಣಕಾಲು ನೋವಲ್ಲಿ ನನಗೆ ಇದನ್ನು ಉಜ್ಜಲಿಕ್ಕೆ ಆಗುವುದಿಲ್ಲ. ನಿಮಗೆ ಹೇಗೂ ಪುರುಸೊತ್ತು ಉಂಟಲ್ಲ," ಎಂದರು. "ಸಮುದ್ರದ ಮೀನು ಸಾಕಿ."

"ಮೀನು ಯಾವಾಗ ತರುವುದು?" ಇವರು ಕೇಳಿದರು.

"ಈಗಲೇ ಎಂತ ಮೀನು? ಹೊಸ ನೀರಿಗೆ ಬಿಟ್ಟರೆ ತಮ್ಮ ಕಸದ ವಿಷದಲ್ಲೇ ಸಾಯ್ತವೆ. ಆ ವಿಷ ತಿನ್ನುವ ಬ್ಯಾಕ್ಟೀರಿಯಾ ಮೊದಲು ಬೆಳೀಬೇಕು. ಒಂದು ಸಿಗಡಿ ಹಾಕಿ, ಕೊಳೀಲಿ."

"ಬ್ಯಾಕ್ಟೀರಿಯಾ? ಮನೆಯೊಳಗೆ?"

"ನಿಮ್ಮ ಹೊಟ್ಟೆಯೊಳಗೂ ಉಂಟು. ಹಾಗಾಗಿಯೇ ಉಂಡದ್ದು ಜೀರ್ಣ ಆಗುವುದು."

ನೀರು ಮಾತ್ರ ನಾವೇ ಹೋಗಿ, ಹೊಳೆ ಸೇರುವ ಅಳಿವೆಯಿಂದ ದೂರದಲ್ಲಿ ತುಂಬಿಸಿ ತರಬೇಕಂತೆ. ಎರಡು ದಿನ ಯೋಚಿಸಿ ಇವರು ಹೊರಟರು. ದೋಣಿಯಲ್ಲಿ ಹೊಳೆ ದಾಟಿ ಬೆಂಗ್ರೆಯ ಕಡಲತೀರಕ್ಕೆ ಹೋದೆವು. ಭಾರ ಎತ್ತಬಾರದೆಂಬ ಆಜ್ಞೆ ಇದ್ದದ್ದರಿಂದ ಕ್ಯಾನುಗಳೆಲ್ಲ ನನ್ನ ಪಾಲಿಗೆ. ವಾಪಸು ಬರುವಾಗ ದೋಣಿಯಲ್ಲಿ ಮೀನಿನ ಬುಟ್ಟಿ ಹಿಡಿದ ಒಬ್ಬಾಕೆ ಕೇಳಿದಳು: "ಅಕ್ಕ, ಕ್ಯಾನಿನಲ್ಲಿ ಎಂತ?"

"ಸಮುದ್ರದ ನೀರು."

"ಎಂತಕ್ಕೆ?"

"ಮೀನಿಗೆ."

"ಮೀನೆಲ್ಲಿ?"

"ಮೀನಿಲ್ಲ."

ಆಕೆ ನನ್ನ ಮುಖ ನೋಡಿದಳು, ಇವರ ಮುಖ ನೋಡಿದಳು, ಆಮೇಲೆ ಬುಟ್ಟಿ ಸರಿಸಿ ಬಹಳ ಮೃದುವಾಗಿ, "ಕೂತ್ಕೊಳ್ಳಿ," ಎಂದಳು.

ತೊಟ್ಟಿಗೆ ನೀರು ಸುರಿದು ಒಂದು ಸಿಗಡಿ ಹಾಕಿದೆವು, ಮನೆಯೆಲ್ಲ ಅದರ ವಾಸನೆ. ಅಂದಿನಿಂದ ಇವರ ಬೆಳಗು ಆ ಖಾಲಿ ನೀರಿನ ಎದುರು. ಗಾಜಿನ ನಳಿಗೆಯಲ್ಲಿ ನೀರು ತೆಗೆದು, ಮದ್ದಿನ ಹನಿ ಬಿಟ್ಟು, ಕಿಟಕಿಗೆ ಹಿಡಿದು ನೋಡುವುದು. ಹಸಿರಾದರೆ ವಿಷ ಉಂಟು, ಹಳದಿಯಾದರೆ ಇಲ್ಲ. ವಾಮಂಜೂರಿನಿಂದ ಬಂದ ನನ್ನ ಅಮ್ಮ ಇದನ್ನೆಲ್ಲ ನೋಡಿ ನನ್ನನ್ನು ಅಡುಗೆಮನೆಗೆ ಕರೆದು ಪಿಸುಗುಟ್ಟಿದರು: "ಆಪರೇಷನ್ ಎದೆಗೆ ಮಾತ್ರ ಅಲ್ವಾ ಆದದ್ದು?"

ಹೀಗಿರುವಾಗ ಮೈದುನ ಒಂದು ಮಧ್ಯಾಹ್ನ ಪ್ಲಾಸ್ಟಿಕ್ ಚೀಲದಲ್ಲಿ ಎರಡು ಕಿತ್ತಳೆ ಬಣ್ಣದ ಮೀನು ತಂದ. ಅಣ್ಣನಿಗೆ ಖುಷಿಯಾಗಲಿ ಎಂಬ ಪ್ರೀತಿ. ಕೊಟ್ಟು ಹೋದ. ನಳಿಗೆಯ ನೀರು ಇನ್ನೂ ಹಸಿರು.

"ತೊಟ್ಟಿಗೆ ಬಿಡಿ ಮಾರಾಯ್ರೆ, ಎಂತ ಆಗ್ತದೆ ನೋಡುವ," ಎಂದು ನಾನು ಮಾರ್ಕೆಟಿಗೆ ಹೋದೆ. ಬಂದು ನೋಡಿದರೆ ಮನೆಯಲ್ಲಿ ಇವರಿಲ್ಲ. ಫೋನು ಸೋಫಾದ ಮೇಲೆ. ಮಾರ್ಕೆಟಿನ ಚೀಲ ಅಲ್ಲೇ ಬಿಟ್ಟು ಮೇಲೆ ಓಡಿದೆ.

"ಚಪ್ಪಲಿ ಉಂಟಾ?" ವಿನ್ನಿಬಾಯಿ ಕೇಳಿದರು.

"ಇಲ್ಲ."

"ಹಾಗಾದರೆ ಹೋಗಿದ್ದಾರೆ, ಬರ್ತಾರೆ. ಚಾ ಮಾಡ್ತೇನೆ, ಕೂತ್ಕೊಳ್ಳಿ."

ಆ ಚಾ ಲೋಟದಲ್ಲೇ ಆರಿಹೋಯಿತು. ಆಕೆ ನನ್ನ ಕೈ ಹಿಡಿದು ಕೂತಿದ್ದರು.

ಸಂಜೆ ಇವರು ಬಂದರು. ಅಂಗಿ ಬೆವರಿನಿಂದ ಒದ್ದೆ, ಕೈ ಖಾಲಿ. "ಇಲ್ಲಿ ಬಿಟ್ಟಿದ್ದರೆ ಸಾಯ್ತಿದ್ದವು. ತಂದ ಅಂಗಡಿಗೇ ವಾಪಸು ಕೊಟ್ಟೆ."

"ಹೇಗೆ ಹೋದದ್ದು?"

"ಬಸ್ಸಲ್ಲಿ. ಆಮೇಲೆ ತೊಕ್ಕೊಟ್ಟಿನ ಬಸ್ಸು ಕಂಡಿತು, ಹತ್ತಿದೆ. ನಮ್ಮ ಅಂಗಡಿಯಲ್ಲಿ ವಯರಿನ ಬಂಡಲೆಲ್ಲ ತಪ್ಪು ಶೆಲ್ಫಿನಲ್ಲಿ ಇಟ್ಟಿದ್ದಾನೆ ನಿನ್ನ ಮೈದುನ. ಅವನಿಗೆ ಒಂದು ಕೆಲಸ ನೆಟ್ಟಗೆ ಮಾಡ್ಲಿಕ್ಕೆ ಬರುವುದಿಲ್ಲ."

ಎಷ್ಟೋ ತಿಂಗಳ ಮೇಲೆ ಇವರು ಇನ್ನೊಬ್ಬರ ಮೇಲೆ ಸಿಡುಕಿದ್ದು. ನಾನು ಒಳಗೆ ಹೋಗಿ ನಲ್ಲಿ ತಿರುಗಿಸಿ, ಆ ಸದ್ದಿನಲ್ಲಿ ಮನಸಾರೆ ಅತ್ತೆ.

ಮರುವಾರವೇ ಅಂಗಡಿಗೆ ಹೋಗತೊಡಗಿದರು. ನೀರು ಹಳದಿಗೆ ತಿರುಗಲು ಇನ್ನೂ ಸಮಯ ಹಿಡಿಯಿತು. ತಿರುಗಿದ ಮೇಲೆ ಅವೇ ಎರಡು ಮೀನುಗಳನ್ನು ಹುಡುಕಿ ತಂದರು. ಅವೇ ಎಂದು ಇವರ ವಾದ, ನಾನು ತಕರಾರು ಮಾಡಲಿಲ್ಲ.

ವಿನ್ನಿಬಾಯಿಗೆ ನಾನು ಒಮ್ಮೆಯೂ ಸರಿಯಾಗಿ ಥ್ಯಾಂಕ್ಸ್ ಹೇಳಿಲ್ಲ. ಹೇಳಲು ಹೊರಟಾಗಲೆಲ್ಲ ಆಕೆ ಮಾತನ್ನು ತೆಂಗಿನಕಾಯಿಯ ರೇಟಿಗೆ ತಿರುಗಿಸುತ್ತಾರೆ. ಇವತ್ತು ಹೇಳಿಯೇ ಬಿಡುವುದೆಂದು ಮಧ್ಯಾಹ್ನ ಮೇಲೆ ಹೋದೆ. ಬಾಗಿಲಲ್ಲೇ ಕೇಳಿದರು, "ಹೇಗುಂಟು ನಿಮ್ಮ ಮೀನು?"

"ಊಟ ಮಾಡಿ ಅಂಗಡಿಗೆ ಹೋದರು," ಎಂದುಬಿಟ್ಟೆ.

ಆಕೆ ನಗಲಿಲ್ಲ. "ಒಳ್ಳೇದಾಯ್ತು," ಎಂದು ಒಳಗೆ ಕರೆದರು.