ಚಿಂತಾಮಣಿಯ ಮಿದುಳುಗಳು

ಶಿಡ್ಲಘಟ್ಟದ ರೇಷ್ಮೆ ವ್ಯಾಪಾರಿ ಸಾದಿಕ್ ಪಾಷಾನ ಮಗಳು ಮಹಮೂದಾ ಮಿದುಳಿನ ವಿಜ್ಞಾನಿಯಾದಳು. ಊರಿನವರಿಗೆ ಅರ್ಥವಾಗಿದ್ದು ಇಷ್ಟೇ: ಈ ಹುಡುಗಿ ತಲೆಯೊಳಗಿನ ಫೋಟೋ ತೆಗೆಯುತ್ತಾಳೆ. ಸರಿ, ನೆಂಟರಿಷ್ಟರೆಲ್ಲ ಸೊಸೆಯಂದಿರನ್ನು ಕರೆತರಲು ತಯಾರಾದರು. ಸುಳ್ಳು ಹೇಳುವುದು ಅದರಲ್ಲಿ ಕಾಣುತ್ತದೆಯೇ ಎಂದು ಕೇಳದವರೇ ಇಲ್ಲ. ಆಹಾ, ವಿಜ್ಞಾನದ ಮೇಲೆ ಎಂಥ ಭಕ್ತಿ!

ಬೆಂಗಳೂರಿನ ಸಂಸ್ಥೆಯೊಂದರಲ್ಲಿ ಅವಳದು ಹಂಗಾಮಿ ಕೆಲಸ. ಮನುಷ್ಯನನ್ನು ಯಂತ್ರದ ಕೊಳವೆಯೊಳಗೆ ಮಲಗಿಸಿ, ಅವನು ಮನಸ್ಸಿನಲ್ಲೇ ಪದಗಳನ್ನು ನೆನೆಯುವಾಗ ಮಿದುಳಿನ ಯಾವ ಭಾಗಕ್ಕೆ ರಕ್ತ ಹೆಚ್ಚು ಹರಿಯುತ್ತದೆಂದು ನೋಡುವುದು. ಮೇಲಧಿಕಾರಿ ಪ್ರೊಫೆಸರ್ ಚನ್ನಕೇಶವ. ಕನ್ನಡ, ತೆಲುಗು ಎರಡೂ ಬಲ್ಲವರು ಬೇಕೆಂದು ತೊಂಬತ್ತಾರರಲ್ಲಿ ಈ ಮಹಾನುಭಾವರು ಸಂಸ್ಥೆಯ ಜೀಪಿನಲ್ಲಿ ಆಂಧ್ರದ ಗಡಿ ಕಡೆಯ ಚಿಂತಾಮಣಿಯ ತರಕಾರಿ ಮಂಡಿಗೆ ಹೋದರು. ಜೀಪಿನಿಂದ ಇಳಿಯಲೂ ಇಲ್ಲ. ಕೂತಲ್ಲಿಂದಲೇ ಒಬ್ಬೊಬ್ಬರನ್ನೂ ಮಾತೃಭಾಷೆ ಯಾವುದೆಂದು ಕೇಳಿ, ಕನ್ನಡ ಎಂದವರನ್ನು ಆರಿಸಿಕೊಂಡು ಬಂದರು.

ಚಿತ್ರಗಳು ಬಂದವು. ತೆಲುಗಿನಲ್ಲಿ ಯೋಚಿಸುವಾಗ ಇವರ ಮಿದುಳು ಹಾಯಾಗಿತ್ತು, ಕನ್ನಡದಲ್ಲಿ ತಿಣುಕುತ್ತಿತ್ತು. ಪ್ರೊಫೆಸರ್ ಕುಣಿದಾಡಿಬಿಟ್ಟರು. ಸಂತೆ ವ್ಯಾಪಾರ ಮನುಷ್ಯನ ತಾಯಿನುಡಿಯನ್ನೇ ಬದಿಗೆ ತಳ್ಳುತ್ತದಂತೆ! ಪ್ರಬಂಧ ಅಚ್ಚಾದರೆ ಅವರಿಗೆ ಕೀರ್ತಿ, ಮಹಮೂದಾಳಿಗೆ ಕಾಯಂ ಕೆಲಸ.

ಅವಳಿಗೆ ಮಾತ್ರ ಅನುಮಾನ. ಯಂತ್ರದಲ್ಲಿ ಮಲಗಿ ಎದ್ದವರಲ್ಲಿ ಒಬ್ಬನಾದ ಟೊಮೆಟೊ ದಲ್ಲಾಳಿ ಕೊಂಡಪ್ಪನ ಮನೆಗೆ ಹೋದಳು. ಅವನು ಹೆಂಡತಿಯನ್ನು ಕೂಗಿದ್ದು ತೆಲುಗಿನಲ್ಲಿ, ಎಮ್ಮೆಯನ್ನು ಬೈದಿದ್ದೂ ತೆಲುಗಿನಲ್ಲಿ.

"ಮತ್ತೆ ಕನ್ನಡ ಅಂತ ಯಾಕಪ್ಪಾ ಹೇಳ್ದೆ?"

"ಬೆಂಗ್ಳೂರಿಂದ ಜೀಪಲ್ಲಿ ಬಂದು ಕೇಳಿದ್ರೆ ಇನ್ನೇನ್ ಹೇಳಣಮ್ಮಾ? ತೆಲುಗು ಅಂದ್ರೆ ಆಂಧ್ರದೋನು ಅಂತ ರೇಷನ್ ಕಾರ್ಡ್ ಕಿತ್ಕೊಂಡ್ರೆ? ಎಲ್ರೂ ಹಂಗೇ ಹೇಳಿದ್ದು."

ಅವಳು ಅಲ್ಲೇ ತಲೆಯ ಮೇಲೆ ಕೈ ಹೊತ್ತು ಕೂತಳು. ಪರದೇಶದ ಯಂತ್ರ, ಎರಡು ವರ್ಷದ ದುಡಿಮೆ, ಎಲ್ಲ ನೀರಿನಲ್ಲಿ ಹೋಮ. ಹಿಂತಿರುಗಿ ಪ್ರೊಫೆಸರರಿಗೆ ಹೇಳಿದರೆ ಅವರು ಕನ್ನಡಕ ಒರೆಸುತ್ತಾ ಕೇಳಿದರು: "ಅವರ ಮಾತೃಭಾಷೆ ಅವರಿಗೆ ಗೊತ್ತಾ, ನಿಮಗೆ ಗೊತ್ತಾ?"

"ನಾನು ಅದೇ ಸೀಮೆಯವಳು ಸಾರ್. ನನಗೆ ಗೊತ್ತು."

"ಸೆಂಟಿಮೆಂಟ್ ಬೇಡ ಮೇಡಂ. ಡೇಟಾ ಇದೆ."

ಅವಳು ಪ್ರಬಂಧದಿಂದ ತನ್ನ ಹೆಸರು ತೆಗೆಸಿದಳು. ಕಾಯಂ ಕೆಲಸ, 'ಸರಿ ಸಾರ್' ಎಂದು ತಲೆಯಾಡಿಸುವುದರಲ್ಲೇ ಪಳಗಿದ್ದ ಇನ್ನೊಬ್ಬನ ಪಾಲಾಯಿತು. ಪ್ರಬಂಧ ಅಚ್ಚಾಯಿತು, ಪ್ರೊಫೆಸರ್ ವಿಮಾನ ಹತ್ತಿದರು. ಮಹಮೂದಾ ಚಿಕ್ಕಬಳ್ಳಾಪುರದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡತೊಡಗಿದಳು. ಕೆಲಸ ಹೋದದ್ದಕ್ಕಿಂತ, ತಾನು ಹೇಳಿದ್ದು ನಿಜವೆಂದು ಒಬ್ಬ ನರಪಿಳ್ಳೆಯೂ ಒಪ್ಪಲಿಲ್ಲವಲ್ಲ, ಅದು ಅವಳ ಹೊಟ್ಟೆ ಉರಿಸುತ್ತಿತ್ತು.

ತೊಂಬತ್ತೊಂಬತ್ತರಲ್ಲಿ ಕಾಲೇಜಿನ ವಿಜ್ಞಾನ ದಿನಾಚರಣೆಗೆ ಮುಖ್ಯ ಅತಿಥಿಯಾಗಿ ಬಂದವರು ಯಾರು? ಅದೇ ಚನ್ನಕೇಶವರು! ಪರದೆಯ ಮೇಲೆ ಕೊಂಡಪ್ಪನ ಮಿದುಳು ಮೂಡಿಸಿ, ನಿಮ್ಮ ಸೀಮೆಯ ಕನ್ನಡಿಗರ ವಿಸ್ಮಯವೆಂದು ಒಂದು ಗಂಟೆ ಕೊರೆದರು. ಚಿಂತಾಮಣಿ, ಗೌರಿಬಿದನೂರು ಕಡೆಯ ಹುಡುಗರು ಈ ಮನುಷ್ಯ ಯಾವಾಗ ಮುಗಿಸುತ್ತಾನೋ ಎಂದು ಹಿಂದಿನ ಬೆಂಚುಗಳಲ್ಲಿ ತೆಲುಗಿನಲ್ಲೇ ಗೊಣಗುತ್ತಿದ್ದರು. ಕಾಲೇಜಿಗೆ ಹೊಸಬಳೆಂದು ವಂದನಾರ್ಪಣೆ ಮಹಮೂದಾಳ ಪಾಲಿಗೆ ಬಂದಿತ್ತು.

ಮೈಕು ಹಿಡಿದವಳು ಹಿಂದಿನ ಬೆಂಚುಗಳತ್ತ ನೋಡಿದಳು. ಇನ್ನೆಲ್ಲೂ ಸಿಗದ ಸಾಕ್ಷಿ ಇಲ್ಲಿ ತುಂಬಿ ತುಳುಕುತ್ತಿತ್ತು. ಈ ಮಕ್ಕಳಾದರೂ ತನ್ನ ಮಾತು ಉಳಿಸುತ್ತಾರೆ.

"ಒಂದ್ನಿಮಿಷ. ಮನೇಲಿ ತೆಲುಗು ಮಾತಾಡೋರು ಕೈ ಎತ್ರಪ್ಪಾ."

ಗೊಣಗು ಗಪ್ಪನೆ ನಿಂತಿತು. ಹುಡುಗರು ವೇದಿಕೆಯ ಮೇಲಿದ್ದ ಬೆಂಗಳೂರಿನ ಸಾಹೇಬರನ್ನು ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಕೈಕಟ್ಟಿ ನೆಟ್ಟಗೆ ಕೂತರು. ಇಡೀ ಸಭಾಂಗಣದಲ್ಲಿ ಒಂದು ಕೈಯೂ ಮೇಲೇಳಲಿಲ್ಲ.

"ಕನ್ನಡಾನೇ ಮೇಡಂ!" ಎಂದು ಹಿಂದಿನ ಬೆಂಚಿನಿಂದ ಒಬ್ಬ ಕೂಗಿದ. ಎಲ್ಲರೂ ಜೋರಾಗಿ ಚಪ್ಪಾಳೆ ಹೊಡೆದರು. ಪ್ರೊಫೆಸರೂ ಹೊಡೆದರು.

ಚಪ್ಪಾಳೆ ನಿಂತ ಮೇಲೆ ಮಹಮೂದಾ ಮುಖ್ಯ ಅತಿಥಿಗಳಿಗೆ ವಂದನೆ ಸಲ್ಲಿಸಿದಳು.